ಬಲಮಗ್ಗಲು

ಮೂರು ಸ್ವಿಚ್ಚು ಇಟ್ಟಾನ ದಸ್ತಗೀರ ಬಾನೆಟ್ಟಿನ ಮ್ಯಾಲೆ,
ಕೆಳಗ ನಿನ್ನಿನ ಪೇಪರ ಹಾಸಿ,
ಕನ್ಯಾ ನೋಡಾಕ ಬಂದವರ ಮುಂದ ಉಪ್ಪಿಟ್ಟಿನ ತಾಟ ಇಟ್ಟಂಗ.

ಟೋಲ್ ನಾಕಾದಾಗ ಮಟಮಟ ಮಧ್ಯಾಹ್ನ.
ಒಂದು ಹೊಸಾದು, ಇನ್ನೂ ಪ್ಯಾಕೀಟಿನ್ಯಾಗ ಐತಿ:
"ಹೊಳ್ಳಿದ ಮ್ಯಾಲೆ ತಾನಽ ಆರತೈತ್ರಿ ಅಕ್ಕಾರ,
ನೀವೇನೂ ನೆನಪಿಡೋದು ಬ್ಯಾಡ."
ಒಂದು ಟ್ರ್ಯಾಕ್ಟರಿಂದು, ಡ್ಯಾಶಿಗೆ ತೂತು ಕೊರದು ಕೂಡ್ರಸೋದು,
ಉಳ್ಳಾಗಡ್ಡಿ ಹೇರಿಕೊಂಡು ಎಪಿಎಂಸಿಗೆ ಹೋದ್ರೂ ಕೆಡಂಗಿಲ್ಲಂತ.
ಮೂರನೇದು ಗಾಡೀದಽ. ಅರವತ್ತೊಂದರ ಫಿಯಾಟಿನ ಸ್ವಂತದ್ದು.
ಬಿಳಿ ಕಡ್ಡಿ, ತುದಿ ಹಳದಿ,
ಚಹಾ ಕುಡದು ಕುಡದು ಹಲ್ಲು ಆದಂಗ.

ಅದರ ಹೊಟ್ಟಿ ಬಿಚ್ಚಿ ತೋರಿಸಿದ.
"ಎಡಗಡೆ ಹಿತ್ತಾಳಿ ಪಟ್ಟಿ ಸವದು ಬ್ಲೇಡ್ ಆಗೇತಿ.
ಈಗ ಬಲಗಡೆ ನೋಡ್ರಿ."
ಬೆರಳಲೆ ಮುಟ್ಟಿದೆ.
ಲಗ್ನದಾಗ ಬಂದು ಅಟ್ಟದ ಮ್ಯಾಲಽ ಉಳಿದ ತಂಬಿಗಿ,
ಹಂಗ ಹೊಳೀತಿತ್ತು.

"ಇಪ್ಪತ್ತೆಂಟು ವರ್ಷ ಆತು ಈ ಕೆಲಸಕ್ಕ,
ಒಂದಽ ಕಡೆ ಹೊಳ್ಳೋ ಗಾಡಿ ಕಂಡಿಲ್ಲ ನಾನು.
ಮಾಸ್ತರಿಗೆ ಎಡಕ್ಕ ಇನ್ನೊಂದು ಮನಿ ಇತ್ತೇನೋ!"
ಚಹಾ ತಂದ ಹುಡುಗನೂ ನಕ್ಕ.
ನಾನೂ ನಕ್ಕೆ. ಆಮ್ಯಾಲೆ ನಾಚಿಕಿ ಬಂತು.

ಕರವಸ್ತ್ರದಾಗ ಸ್ವಿಚ್ಚು ಕಟ್ಟಿಕೊಂಡು ಹೊಸಯಲ್ಲಾಪುರಕ್ಕ ಹೋದೆ,
ಗಾಡಿ ಮಾರಿದ ಶಾವಂತ್ರೆಕ್ಕನ ಗಿರಣಿಗೆ.
ಖಾರ ಕುಟ್ಟಸಾಕತ್ತಿದ್ದಳು, ಮೂಗಿಗೆ ಸೆರಗು.
ಕೇಳಲೋ ಬ್ಯಾಡೋ ಅನಕೋತ ಕೇಳೇಬಿಟ್ಟೆ:
ಅಡಿವೆಪ್ಪ ಮಾಸ್ತರು ದಿನಾ ಎಲ್ಲಿಗೆ ಹೋಗತಿದ್ರು?
ಆಕಿ ಮಶೀನು ಬಂದ್ ಮಾಡಿ
ಪಟ್ಟಾದ ಸಪ್ಪಳ ಪೂರಾ ಇಳಿಯೂತನಾ ತಡದಳು.
ಸೀನಿದಳು. ನಕ್ಕಳು. ಮತ್ತ ಸೀನಿದಳು.

"ಬಲಕ್ಕ ಹೊಳ್ಳೋದಂದ್ರ ಎದಿ ಡವಡವ ಅಂತಿತ್ತವ್ವಾ ಅವರಿಗೆ.
ಎದುರಿಗೆ ಬರೋ ಲಾರಿ, ಬಸ್ಸು, ಎಮ್ಮಿ,
ಎಲ್ಲಾನೂ ಅಡ್ಡ ಹಾಯಬೇಕಲ್ಲ.
ಐವತ್ತು ತುಂಬಿದ ಮ್ಯಾಲೆ ಕಲತ ಡ್ರೈವಿಂಗು.
ಕೆಲಗೇರಿ ನಮ್ಮ ತಂಗಿ ಮನಿಗೆ ಹೋಗೋದಿದ್ರ
ಎಡಕ್ಕ, ಮತ್ತ ಎಡಕ್ಕ, ಮತ್ತೂ ಎಡಕ್ಕ,
ಊಟಾ ಆರಿದ ಮ್ಯಾಲೆ ಮುಟ್ಟಸತಿದ್ರು.
ಮಂದಿ ದೇವರಿಗೆ ಬಲಾ ಬರ್ತಾರ,
ಇವರು ಇಡೀ ಧಾರವಾಡಕ್ಕ ಎಡಾ ಬಂದ್ರು!
ನಾ ಬೈದ್ರ, 'ಪೆಟ್ರೋಲ್ ನಂದು' ಅಂತಿದ್ರು.
ಮೂವತ್ತು ವರ್ಷ ಹುಡುಗೂರಿಗೆ ಟೈಪಿಂಗ್ ಕಲಿಸಿದವರು ನೋಡು,
ಎಡದಿಂದ ಬಲಕ್ಕ, ಎಡದಿಂದ ಬಲಕ್ಕ."

ಸ್ವಿಚ್ಚು ತಗೊಂಡು ಬೆಳಕಿಗೆ ಹಿಡದಳು.
ಹೊಳೆಯೋ ಪಟ್ಟಿಗೆ ಕೆಂಪು ಬೆರಳಿನ ಗುರುತು ಬಿತ್ತು,
ಒರಸಲಿಲ್ಲ.
ಒಗದು ಬ್ಯಾರೆ ಹಾಕಸತೀನೇನೋ ಅಂದಕೊಂಡಿರಬೇಕು.
"ಅರ್ಧಾ ಹೊಸಾದಽ ಐತಿ," ಅಂದಳು,
ಅಷ್ಟಽ, ಮತ್ತ ಮಶೀನು ಚಾಲೂ ಮಾಡಿದಳು.

ಪ್ಯಾಕೀಟು ವಾಪಸ್ ಕೊಟ್ಟೆ.
ದಸ್ತಗೀರ ಗೊಣಗಿಕೋತ, ಕೆಟ್ಟ ಬಲ್ಬ್ ಹೋಲ್ಡರಿನ ಹಿತ್ತಾಳಿ ಕತ್ತರಿಸಿ
ಎಡಕ್ಕೊಂದು ಪಟ್ಟಿ ಬೆಸಿಗಿ ಹಾಕಿದ.
ಬಲಕ್ಕ ಬರೇ ಅರಿವಿ ಆಡಿಸಿದ,
"ಖಾರ ಎಲ್ಲಿಂದ ಬಂತ್ರಿ ಇದಕ್ಕ?" ಅಂತ ಕಣ್ಣು ತಿಕ್ಕಿಕೊಂಡ.
"ಇದು ತಾನಽ ಆರಂಗಿಲ್ಲ ಮತ್ತ. ನೆನಪಿಡ್ರಿ."
ಇಡತೀನಿ ಅಂದೆ.

ಸಂಜಿಕಡೆ ಜುಬಿಲಿ ಸರ್ಕಲ್ಲು.
ಕಡ್ಡಿ ಬಿರುಸಿತ್ತು,
ಎಂದೂ ತಗೀಲಾರದ ಹಿತ್ತಲ ಬಾಗಲದ ಚಿಲಕದಂಗ.
ಟಕ್ ಅಂತ ಕೂತಿತು.
ಡ್ಯಾಶಿನ್ಯಾಗ ಹಸರು ಕಣ್ಣು ಪಿಳಿಪಿಳಿ,
ಹಿಂದ ಸಿಟಿ ಬಸ್ಸಿನಾಂವ ಹಾರ್ನ್ ಒತ್ತೇ ಒತ್ತಿದ,
ಎದುರಿನ ಟಂಟಂನಾಂವ ಏನಂದನೋ, ಚಲೋ ಮಾತಂತೂ ಅಲ್ಲ.
ಎಲ್ಲಾರನ್ನೂ ಅಡ್ಡ ಹಾದು
ಹೊಳ್ಳಿಸಿದೆ.

ಹೊಳ್ಳಿಸಿದ ಖುಷಿಯೊಳಗ
ಸೀದಾ ಹೊಸಯಲ್ಲಾಪುರದತನಾ ಹೋದೆ, ಗಿರಣಿ ಮುಂದ ನಿಲ್ಲಿಸಿದೆ.
ಶಾವಂತ್ರೆಕ್ಕ ಕೈ ಝಾಡಿಸಿಕೋತ ಹೊರಗ ಬಂದಳು,
ಗಾಡಿ ನೋಡಿದಳು, ಪಿಳಿಪಿಳಿ ದೀಪಾ ನೋಡಿದಳು.

"ಆರಸವ್ವಾ ಅದನ್ನ.
ಇನ್ನೂ ಎಷ್ಟೊತ್ತು ಬಲಕ್ಕ ಹೊಳ್ಳತಿ?"