ಇರು, ಬಂದೆ

ಕಾಗದದಲ್ಲಿ ಬರೆದಿತ್ತು: ಗಂಡು, ಹತ್ತು ವರ್ಷ ಇರಬಹುದು,
ಎಡಗಿವಿ ಹರಿದಿದೆ, ಹಲ್ಲು ನಾಲ್ಕು ಕಮ್ಮಿ.
ಬೇಜಾ ರಸ್ತೆಯ ಪೆಟ್ರೋಲ್ ಬಂಕಿನ ಹಿಂದೆ
ಗಾಳಿ ತುಂಬುವ ಯಂತ್ರದ ಪಕ್ಕ ಸಿಕ್ಕಿದ್ದು.
ಹನ್ನೊಂದು ದಿನ ಅಲ್ಲೇ ಇತ್ತಂತೆ.
ಬಂಕಿನ ಹುಡುಗ ನೀರಿಟ್ಟರೆ ಕುಡಿಯುವುದು,
ಎಳೆದರೆ ಬರದು.

ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ.
ಶೆಡ್ಡಿನವರು ಬೊಲೋತ ಎಂದರು, ಓಕ್ ಮರದ ಕಾಯಿ.
ಬಣ್ಣವೂ ಹಾಗೇ ಇತ್ತು, ಒಪ್ಪಿಕೊಂಡೆ.

ನನಗೆ ಕಲಿಸಿ ಗೊತ್ತಿಲ್ಲ.
ಮೂವತ್ತೊಂದು ವರ್ಷ ರೈಲ್ವೆ ಗೇಟು ಕಾದವಳು ನಾನು, ಫೆಲಿಸ್ಮಿನಾ.
ಟ್ರಾಕ್ಟರು, ಕುರಿಮಂದೆ, ಮದುವೆಯ ಕಾರು,
ಒಮ್ಮೆ ಹೆಣದ ಗಾಡಿಯನ್ನೂ ಇಪ್ಪತ್ತು ನಿಮಿಷ ನಿಲ್ಲಿಸಿದ್ದೇನೆ
(ಒಳಗಿದ್ದವರು ಏನೂ ಅನ್ನಲಿಲ್ಲ).
ಯಾರಿಗೂ ಚೀಸು ಕೊಟ್ಟವಳಲ್ಲ.

ಈಗ ಏಪ್ರನ್ನಿನ ಜೇಬು ತುಂಬ ಕುರಿಹಾಲಿನ ಚೀಸಿನ ಚೂರು.
"ಬಾ" ಅಂದೆ.
ಬಾಲ ಒಮ್ಮೆ ಅಲ್ಲಾಡಿತು, ಕಾಲು ಕದಲಲಿಲ್ಲ.
ಮೂರನೆಯ ದಿನ ಮೆಟ್ಟಿಲ ಮೇಲೆ ಕೂತು, ಅದರ ಕಡೆ ನೋಡದೆ,
ನಾನೇ ತಿನ್ನತೊಡಗಿದೆ.
ಬಂತು.

"ಕೂರು" ಕಷ್ಟವಾಯಿತು. ಅದಕ್ಕೆ ಸೊಂಟ ಹಿಡಿದಿದೆ.
ಮೂಗಿನ ಮೇಲಿಂದ ಚೀಸು ಹಿಂದಕ್ಕೆ ಒಯ್ಯುತ್ತ ನಾನೂ ಬಗ್ಗಿ
ಇಬ್ಬರೂ ಒಟ್ಟಿಗೆ ಇಳಿಯುವಾಗ
ಲಟಕ್ಕೆಂದದ್ದು ಯಾರ ಮಂಡಿಯೋ ತಿಳಿಯಲಿಲ್ಲ.
ಪಕ್ಕದ ಮನೆಯ ಜಸಿಂತು ಬೇಲಿಯಾಚೆಯಿಂದ,
"ಮುದಿನಾಯಿಗೆ ಪಾಠವೇ? ಬಾಲಕ್ಕೂ ಕೊಳವೆ ಕಟ್ಟು" ಎಂದ.
ಬಾಲ ಡೊಂಕೇ ಇರಲಿ ಮಾರಾಯ,
ನನಗೆ ಬೇಕಾದ್ದು ಕಿವಿ.

ಆಮೇಲೆ "ಇರು".

ಅದನ್ನು ಕಲಿಸಬೇಕಾಗಿಯೇ ಬರಲಿಲ್ಲ.
ಅಂಗಳದಲ್ಲಿ ಅಂಗೈ ತೋರಿಸಿ ಒಂದೇ ಸಲ ಅಂದೆ.
ಅಷ್ಟರಲ್ಲಿ ಬ್ರೆಡ್ಡಿನ ವ್ಯಾನಿನ ಹಾರನ್ನು. ಬೀದಿಗೆ ಹೋದೆ,
ಅಲ್ಲಿ ಮಾತು, ಅಲ್ಲಿಂದ ಅಂಚೆ ಕಚೇರಿ, ಪಿಂಚಣಿಯ ಸಾಲು.
ಮರೆತೇಬಿಟ್ಟೆ.

ತಿರುಗಿ ಬಂದಾಗ ನೆರಳು ಗೋಡೆ ದಾಟಿ ಹೋಗಿತ್ತು.
ಅಲೆಂತೇಜುವಿನ ಜುಲೈ ಬಿಸಿಲು, ಕಲ್ಲೇ ಬಾಯಿ ಬಿಡುವಂಥದ್ದು.
ಅದರಲ್ಲಿ ಅಲ್ಲೇ ಇತ್ತು, ಬಿಟ್ಟ ಜಾಗದಲ್ಲಿ,
ನಾಲಿಗೆ ಮಣ್ಣಿಗೆ ತಾಗುವಷ್ಟು ಇಳಿದು.
ಎರಡೇ ಹೆಜ್ಜೆ ಆಚೆ ಅಂಜೂರದ ನೆರಳು, ನೀರಿನ ಬೋಗುಣಿ.
ಕಣ್ಣು ಮಾತ್ರ ಗೇಟಿನ ಮೇಲೆ.

ಆಗ ಹೊಳೆಯಿತು, ಬಂಕಿನ ಹಿಂದೆ ಏನಾಗಿರಬೇಕೆಂದು.
ಯಾರೋ ಕಾರಿನ ಬಾಗಿಲು ತೆರೆದು, ಇಳಿಸಿ, ತಲೆ ಸವರಿ,
"ಇರು, ಬಂದೆ" ಅಂದಿದ್ದಾರೆ.
ಎಂಥ ಮಾತು ಮನುಷ್ಯರದ್ದು,
ಹೊರಡುವ ಮೊದಲೇ ಬಂದಾಗಿರುತ್ತದೆ.
ವ್ಯಾಕರಣ ಗೊತ್ತಿಲ್ಲದ್ದು ನಂಬಿತು.

ಗೇಟು ಹಾಕಿದವಳೇ ಗೇಟು ಎತ್ತಬೇಕು.
ನನ್ನ ಕೆಲಸದಲ್ಲಿ ಇದ್ದದ್ದು ಅದೊಂದೇ ಕಾನೂನು.

ಮತ್ತೆ ಮೊದಲಿಂದ ಶುರು, ಈ ಸಲ ಪಾಠ ನನಗೆ.
"ಇರು." ಒಂದು ಹೆಜ್ಜೆ ಹಿಂದೆ. ಮರಳಿ, ತಲೆಯ ಮೇಲೆ ಕೈಯಿಟ್ಟು, "ಬಂದೆ."
ಚೀಸು.
ಎರಡು ಹೆಜ್ಜೆ. ಅಂಜೂರದ ಹಿಂದೆ. ಬೀದಿಯಲ್ಲಿ ಹತ್ತು ಎಣಿಸುವಷ್ಟು.
ಕೈ ತಲೆ ಮುಟ್ಟುವ ತನಕ
ಆ ಮಾತು ನನ್ನ ಬಾಯಿಂದ ಹೊರಡಕೂಡದು.
ಆಲಿವ್ ಬಡಿಯುವ ಕಾಲ ಬಂತು, ಹೋಯಿತು.
ನೂರಾರು ಸಲ ಹೋದೆ,
ಅಷ್ಟೇ ಸಲ ಬಂದೆ, ಲೆಕ್ಕ ತಪ್ಪದೆ.

ನಿನ್ನೆ "ಇರು" ಎಂದು ಬ್ರೆಡ್ಡಿಗೆ ಹೋಗಿ ಬಂದರೆ
ಜಾಗದಲ್ಲಿ ನಾಯಿ ಇಲ್ಲ.
ಗೋಡೆಯ ಬುಡದ ಎಳೆಬಿಸಿಲಿಗೆ ಹೊಟ್ಟೆ ಕೊಟ್ಟು
ನಾಲ್ಕೂ ಕಾಲು ಚೆಲ್ಲಿ ಗೊರಕೆ.
ಬೇಲಿಯ ಮೇಲೆ ಜಸಿಂತು: "ನೋಡು, ಕಲಿಸಿದ್ದೆಲ್ಲ ಮರೆಯಿತು."

ಹೌದು ಅಂದೆ,
ಜೇಬನ್ನೇ ಬೋರಲು ಹಾಕಿದೆ.