ಮೂವತ್ತಮೂರು ಅಡಿ

ಅರಸೀಕೆರೆ ತಾಲ್ಲೂಕು ಕಚೇರಿ ಹಿಂದೆ ಜೆರಾಕ್ಸ್ ಅಂಗಡಿಯ ಮಹಡಿ.
ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಒಂದರ ಕಾಲು ಗಿಡ್ಡ.
ಪರವಾನಗಿ ಭೂಮಾಪಕರ ಸಂಘ ಅಂದರೆ ಇಷ್ಟೇ.
ಇದುವರೆಗೆ ನಾವು ಕೂಡಿದ್ದು
ಶುಲ್ಕ ಏರಿಸಿ ಎಂದು ಅರ್ಜಿ ಬರೆಯಲು,
ವರ್ಗವಾದ ಸಾಹೇಬರಿಗೆ ಹಾರ ಹಾಕಲು.
ಇವತ್ತು ಮೊದಲ ಸಲ ನಮ್ಮವನೊಬ್ಬನನ್ನು
ನಾವೇ ಎದುರಿಗೆ ಕೂರಿಸಿಕೊಂಡಿದ್ದೇವೆ.
ಗಿಡ್ಡ ಕಾಲಿನ ಕುರ್ಚಿ ಯಾರೂ ಕೊಟ್ಟಿದ್ದಲ್ಲ,
ತೋಟದಪ್ಪ ತಾನೇ ಎಳೆದುಕೊಂಡ.

ಬಾಣಾವರದ ಕಡೆಯ ಪುಟ್ಟೀರಮ್ಮನ ದೂರು, ನೋಟ್‌ಬುಕ್ಕಿನ ಹಾಳೆ:
'ನಿಮ್ಮ ಸಂಘದ ಬೋರ್ಡು ನೋಡಿ ಬಂದೆ.
ಹದ್ದುಬಸ್ತಿಗೆ ಬಂದವರು ಕಲ್ಲನ್ನು ನನ್ನ ಕಡೆಗೆ ಸರಿಸಿದರು.
ನೀವು ಮೂರಾಣೆ ಅಂತೀರಂತೆ, ನನಗದು ಆರಡಿ.
ನನ್ನ ಗಾಡಿ ತಿರುಗೋದು ಅಲ್ಲೇ.'

ದುಡ್ಡು ಮುಟ್ಟಿಲ್ಲ, ಎಂದ ತೋಟದಪ್ಪ.
ಅವನ ಚಪ್ಪಲಿ ನೋಡಿದರೆ ನಂಬಲೇಬೇಕು.
'ಪಕ್ಕದ ಹೊಲದ ಚನ್ನಬಸಪ್ಪ
ಬೆಳಗ್ಗೆಯಿಂದ ಕೊಡೆ ಹಿಡಿದು ನನ್ನ ಜೊತೆ ನಡೆದ.
ಆಕೆ ಬದುವಿನ ಮೇಲೆ ನಿಂತು ಬೈತಾ ಇದ್ದಳು.
ಲೆಕ್ಕ ಎರಡು ಕಡೆಗೂ ಬೀಳೋ ಹಾಗಿತ್ತು,
ನೆರಳಿದ್ದ ಕಡೆಗೆ ಬಿತ್ತು.'

ಯಾರೂ ನಗಲಿಲ್ಲ. ಆ ಕೊಡೆಯ ಕೆಳಗೆ
ಒಂದಲ್ಲ ಒಂದು ದಿನ ಎಲ್ಲರೂ ನಡೆದವರೇ.

ಪರವಾನಗಿ ಕೀಳುವ ಅಧಿಕಾರ ನಮಗಿಲ್ಲ,
ಅದು ಹಾಸನದ ಕಚೇರಿಗೆ ಸೇರಿದ್ದು.
'ಹಾಗಾದರೆ ನಾವಿರೋದು ಯಾತಕ್ಕೆ?'
ವಾಜಿದ್ ಕೇಳಿದ, ಎಲ್ಲರಿಗಿಂತ ಚಿಕ್ಕವನು,
'ಮುಚ್ಚಿ ಹಾಕೋಕಾ?'
ಅಧ್ಯಕ್ಷರು ಫ್ಯಾನಿನ ವೇಗ ಒಂದು ಹೆಚ್ಚಿಸಿದರು.

ನನಗೆ ಹಳೆ ಕಚೇರಿ ಅಂಗಳದ ಎರಡು ಕಲ್ಲು ನೆನಪಾಯಿತು.
ನಡುವೆ ಸರಿಯಾಗಿ ಮೂವತ್ತಮೂರು ಅಡಿ.
ಎಳೆದೆಳೆದು ಸರಪಳಿ ಹಿಗ್ಗುತ್ತದೆ,
ಅದರ ತಪ್ಪಲ್ಲ, ಕಬ್ಬಿಣದ ಗುಣ.
ಹೊಲಕ್ಕೆ ಹೋಗುವ ಮುನ್ನ ಅಲ್ಲಿ ಹಾಸಿ ನೋಡಬೇಕು,
ಹೆಚ್ಚಿದ್ದರೆ ಕೊಂಡಿ ಬಡಿದು ಒಪ್ಪಿಸಬೇಕು.
ಈಗ ಆ ಕಲ್ಲಿಗೆ ಒರಗಿ ಬೈಕುಗಳು ನಿಲ್ಲುತ್ತವೆ.

ಮತ್ತೆ ಅಳೆಯೋಣ, ಎಂದೆ, ನಮ್ಮ ಖರ್ಚಲ್ಲಿ.
ಇಬ್ಬರಿಗೂ ನೋಟೀಸು. ಯಾರ ಮನೆಯ ನೀರೂ ಬೇಡ.

ಭಾನುವಾರ ಐದು ಜನ ಹೋದೆವು.
ಡಬ್ಬಿಯಲ್ಲಿ ಚಿತ್ರಾನ್ನ, ವಾಜಿದನ ರೋವರ್, ಒಂದು ಹಾರೆ.
ಕೆರೆ ಕೋಡಿಯ ಬಾಂದಿನಿಂದ ಹಿಡಿದು ಬಂದರೆ
ಮೂರಲ್ಲ, ಐದಾಣೆ.
ಇನ್ನೊಮ್ಮೆ ಹಿಡಿದೆವು. ಐದೇ.
ಅಗೆದೆವು. ಮೊಣಕೈ ಆಳದಲ್ಲಿ ಇದ್ದಿಲು ಸಿಕ್ಕಿತು,
ಯಾವ ಕಾಲದಲ್ಲೋ ಮೊದಲ ಸರ್ವೆಯವರು ಕಲ್ಲಿನಡಿ ಹೂತದ್ದು.
ಕಲ್ಲು ನಡೆಯುತ್ತದೆ, ಇದ್ದಿಲು ನಡೆಯುವುದಿಲ್ಲ.
ಚನ್ನಬಸಪ್ಪ ಬಾಯಿ ತೆರೆದ, ಮುಚ್ಚಿದ.

ಮೂರು ತೋಟದಪ್ಪನದು. ಉಳಿದೆರಡು?
ವಾಜಿದ್ ಹಳೆ ಪೋಡಿ ನಕ್ಷೆ ಬಿಚ್ಚಿದ,
ಇಪ್ಪತ್ತೆರಡು ವರ್ಷದ ಹಿಂದಿನದು, ಮೂಲೆಯಲ್ಲಿ ನೀಲಿ ಸಹಿ.
ಆ ತಿಂಗಳು ಅರವತ್ತು ಕಡತ. ಸರಪಳಿ ಹಾಸಿ ನೋಡಿರಲಿಲ್ಲ.
ಒಂದಕ್ಕೆ ಮೂರಂಗುಲ ಹಿಗ್ಗಿದ್ದರೆ
ಹದಿನಾರು ಸರಪಳಿಗೆ ನಾಲ್ಕಡಿ.
ನನಗೆ ಯಾರೂ ಕೊಡೆ ಹಿಡಿದಿರಲಿಲ್ಲ.
ಬಿಸಿಲಲ್ಲೇ ಮಾಡಿದ ತಪ್ಪು.

ತೋಟದಪ್ಪ ಸಹಿ ನೋಡಿದ, ನನ್ನ ನೋಡಿದ,
ಮಾತಾಡದೆ ನಕ್ಷೆ ಮಡಚಿ ಕೊಟ್ಟ.
ಆ ಮಡಚಿದ್ದರಲ್ಲಿ ಒಂದು ಕೊಡೆ ಬಿಚ್ಚಿಕೊಂಡಿತು.

'ತಪ್ಪು ಯಾರದಾದರೂ ಇರಲಿ,' ಎಂದಳು ಪುಟ್ಟೀರಮ್ಮ,
'ಕಲ್ಲು ಎತ್ತೋರು ಯಾರು?'
ಎತ್ತುವ ಹಾಗಿಲ್ಲ ತಾಯಿ, ವರದಿ ಹೋಗಬೇಕು,
ಆದೇಶ ಬರಬೇಕು.
ಆಕೆ ಎಕ್ಕದ ಗೂಟವೊಂದನ್ನು ತಂದು ಇದ್ದಿಲ ಪಕ್ಕ ನೆಟ್ಟಳು,
ಅಳತೆ ಕೇಳದೆ.

ರಾತ್ರಿ ನಡಾವಳಿ ಪುಸ್ತಕ ತೆಗೆದೆ.
ಹಾಜರಿದ್ದವರು ಬರೆದೆ, ವಿಷಯ ಬರೆದೆ.
ಬೆರಳು ತಗುಲಿದಲ್ಲೆಲ್ಲ ಹಾಳೆ ಕಪ್ಪಾಯಿತು,
ಉಗುರಲ್ಲಿನ್ನೂ ಇದ್ದಿಲು.
'ತಪ್ಪೆಸಗಿದ ಸದಸ್ಯ' ಎಂದು ನಿಲ್ಲಿಸಿ
ಹೊರಗೆ ಮೈಸೂರು ಗಾಡಿ ಹೋಗುವವರೆಗೆ ಕೂತಿದ್ದೆ.
ಆಮೇಲೆ ಒಂದು 'ರು' ಸೇರಿಸಿದೆ.