ಒಂಚೂರು ಒತ್ಕಳಿ

ಹಲಗೆ ಮೂರಡಿ ಉದ್ದ, ಒಂಬತ್ತಿಂಚು ಎತ್ತರ.
ಊರು ಏಳು.
ಶಿವಮೊಗ್ಗ ಆಯನೂರು ಸೂಡೂರು ಅರಸಾಳು
ರಿಪ್ಪನ್‌ಪೇಟೆ ಹೊಸನಗರ ನಗರ.
ಬಸ್ಸಿನ ಸಾಹುಕಾರರು ಲೆಕ್ಕದಲ್ಲಿ ಚುರುಕು:
"ನಗರ ಒಂದೇ ಸಲ ಬರಿ ಹುಚ್ರಾಯಪ್ಪ,
ಹಿಂದೆ ಹೊಸ ಅಂತ ಸೇರಿಸು, ಎರಡೂ ಊರಾಯ್ತಲ್ಲ!"

ಮಾವ ನಗಲಿಲ್ಲ. ಬೀಡಿ ಕಿವಿಗೆ ಸಿಕ್ಕಿಸಿ
ಸುಣ್ಣ ಮೆತ್ತಿದ ದಾರ ಎಳೆದು ಟಪ್ಪೆಂದು ಬಿಟ್ಟ.
ನಾನು ಟರ್ಪೆಂಟೈನ್ ಡಬ್ಬಿ ಹಿಡಿದ ಹತ್ತು ವರ್ಷದವಳು.

ನಮ್ಮ ಅಕ್ಷರ ಹುಟ್ಟಿನಿಂದಲೇ ದುಂಡು,
ಚಕ್ಕಳಮಕ್ಕಳ ಹಾಕಿ ಕೂರುವ ಜಾತಿ,
ಮಗ್ಗುಲಿಗೆ ಕೊಂಬು, ತಲೆಗೆ ಕಟ್ಟು, ಕಾಲಡಿ ಒತ್ತು.
ಅವನ್ನೆಲ್ಲ ಎಬ್ಬಿಸಿ ಭುಜಕ್ಕೆ ಭುಜ ತಾಗಿಸಬೇಕು,
ಮೂವರ ಸೀಟಿನಲ್ಲಿ ಐವರು ತುರುಕಿಕೊಂಡಂತೆ.
ಕಂಡಕ್ಟರನ ದನಿಯಲ್ಲೇ ಮಾವ ಅವಕ್ಕೆ ಹೇಳುತ್ತಿದ್ದ:
ಒಂಚೂರು ಒತ್ಕಳಿ, ಒಂಚೂರು ಒತ್ಕಳಿ.

ಬಳುಕು ಬೇಡ, ತುದಿಯಲ್ಲಿ ಚಿಗುರು ಬೇಡ.
ಗೆರೆ ಹೊರಟಲ್ಲಿ ಎಷ್ಟು ದಪ್ಪವೋ ನಿಂತಲ್ಲೂ ಅಷ್ಟೇ.
ಆದರೂ ಒಂದು ಮೋಸ ಮಾಡುತ್ತಿದ್ದ:
ಪಕ್ಕೆಗೆ ಹೆಬ್ಬೆರಳಿನ ದಪ್ಪ, ನೆತ್ತಿಗೆ ಕಿರುಬೆರಳಿನದು.
ನಾನು ಸ್ಕೇಲು ಇಟ್ಟು ಹಿಡಿದುಹಾಕಿದರೆ
"ಅಲ್ಲಿಂದ ನೋಡೇ" ಎಂದು
ಗ್ಯಾರೇಜಿನ ಗೇಟಿನವರೆಗೆ ಓಡಿಸುತ್ತಿದ್ದ.
ಗೇಟಿನಿಂದ ಎಲ್ಲ ಸಮ.

ಸೋಮವಾರ ಬಸ್ಸು ಸ್ಟ್ಯಾಂಡಿಗೆ ಬಂತು, ಹೊರಟೂ ಹೋಯಿತು.
ಅರಸಾಳಿನ ಹೂವಮ್ಮ ಬುಟ್ಟಿಯ ಪಕ್ಕ ಕೂತೇ ಇದ್ದಳು,
ಕೆಂಡವಾಗಿ.
ಓದು ಬಾರದು, ಊರಿನ ಹೆಸರಷ್ಟು ಗುರುತು:
ಮೊದಲು ಬಸವನಹುಳ, ಆಮೇಲೆ ಬಳೆ,
ಕೊನೆಗೆ ಬಾಲ ಎತ್ತಿದ ಕರು.
"ಬಳೆ ಎಲ್ಲೋ ಮಾರಾಯ?
ತೊಂಡೆಕಾಯಿ ಬರ್ದಿಟ್ಟೀಯಲ್ಲೋ!"

ಮರುದಿನ ಬಸ್ಸು ನಿಂತೊಡನೆ ಮಾವ ಏಣಿ ಹಾಕಿದ.
ನಗರದ ಎರಡೂ ಮಗ್ಗುಲಿಂದ ನೂಲಷ್ಟು ನೂಲಷ್ಟು ಕದ್ದು
ಅರಸಾಳಿನ ರ-ಕ್ಕೆ ಹೊಟ್ಟೆ ಬಿಡಿಸಿದ.
ನಗರದವರಿಗೆ ಇವತ್ತಿಗೂ ಗೊತ್ತಿಲ್ಲ.
ಹೂವಮ್ಮ ಬೋರ್ಡಿನತ್ತ ಕತ್ತೆತ್ತಿ
ಕೈಬಳೆ ಮೇಲಕ್ಕೆ ಸರಿಸಿಕೊಂಡು ಬಸ್ಸು ಹತ್ತಿದಳು.

ಈಗ ದುರ್ಗಿಗುಡಿಯ ಮಹಡಿಯಲ್ಲಿ ನನ್ನ ಅಂಗಡಿ,
ಫ್ಲೆಕ್ಸು, ಬಿಲ್ ಬುಕ್ಕು, ಮದುವೆ ಕಾರ್ಡು.
ಗುಜರಿಗೆ ಹೊರಟಿದ್ದ ಆ ಹಲಗೆಯನ್ನು ಇಪ್ಪತ್ತು ರೂಪಾಯಿಗೆ ಬಿಡಿಸಿ
ಕಾಗುಣಿತ, ಒತ್ತು, ಅಂಕಿ ಸೇರಿ ಆರುನೂರ ಚಿಲ್ಲರೆ ಆಕಾರ
ಕಂಪ್ಯೂಟರಿನಲ್ಲಿ ತಿದ್ದಲು ಮೂರು ವರ್ಷ ಹಿಡಿಯಿತು.
ಹೆಸರು: ಅರಸಾಳು ದಪ್ಪ.
ಕರೆದಲ್ಲಿಗೆ ಹೋಗುತ್ತದೆ.
ಗೊಬ್ಬರದ ಚೀಲ, ಹೊನಲು ಬೆಳಕಿನ ಕಬಡ್ಡಿ,
'ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು',
ಶುಭ ಕೋರುವ ಹದಿನಾಲ್ಕು ಮಂದಿಯನ್ನು
ಒಂದೇ ಸಾಲಿಗೆ ಹಿಡಿಸಬೇಕಾದ ಪುಢಾರಿಯ ಹುಟ್ಟುಹಬ್ಬ.

ಒಮ್ಮೆ ಮಾತ್ರ ಬೇಡವೆಂದರು.
ಸಾಗರ ರಸ್ತೆಯ ಲಿಲ್ಲಿ ಟೀಚರ್,
ಗಂಡನ ತಿಂಗಳ ಪೂಜೆಯ ಕಾರ್ಡು.
ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ಅಂದರು:
"ಅವರು ಯಾರನ್ನೂ ಕೂಗಿ ಕರೆದವರಲ್ಲಮ್ಮ."
ತೆಳುವಾದದ್ದು ಹಾಕಿದೆ.
ಅಕ್ಷರದ ನಡುವೆ ಅಷ್ಟೊಂದು ಜಾಗ ಬಿಟ್ಟು
ನನ್ನ ಕೈಗೆ ಅಭ್ಯಾಸವೇ ಇರಲಿಲ್ಲ.

ಇವತ್ತು ಸಂಜೆ ತೀರ್ಥಹಳ್ಳಿಯಿಂದ ಫೋನು:
"ಏನ್ರೀ ಮೇಡಂ, ನಮ್ಮೂರನ್ನ ತೀರ್ಧಹಳ್ಳಿ ಮಾಡ್ಬಿಟ್ರಲ್ಲ!"
ನಿಜ. ಸಣ್ಣ ಅಳತೆಗೆ ಇಳಿಸಿದರೆ
ಥ-ದ ಒಳಗೆ ಮಸಿ ತುಂಬಿ ಚುಕ್ಕಿ ಮುಳುಗುತ್ತದೆ.
ಶಟರ್ ಅರ್ಧ ಎಳೆದು ಕೂತಿದ್ದೇನೆ.
ಪರದೆಯ ತುಂಬ ಒಂದೇ ಥ, ಸ್ನಾನದ ಹಂಡೆಯಷ್ಟು.
ಚುಕ್ಕಿ ಕುಗ್ಗಿಸಿದೆ, ಗೋಡೆ ಹೊರಕ್ಕೆ ತಳ್ಳಿದೆ,
ಪಕ್ಕದ ಹ ಗೊಣಗಿತು.
ಒಂಚೂರು ಒತ್ಕಳಿ, ಅಂದೆ.
ಕುರ್ಚಿ ಬಿಟ್ಟೆದ್ದು, ಬಾಗಿಲು ದಾಟಿ, ಮೆಟ್ಟಿಲ ತುದಿಯಿಂದ ನೋಡಿದೆ.

ಇಲ್ಲ. ಇನ್ನೊಂದು ನೂಲು.